ಕಣ್ಣಂಚಿಗೆ ಬಂದವಳು

ಮಾರ್ಚ್ ೪, ಸೋಮವಾರ

ಮೂಗಿನ ಡಾಕ್ಟರ ಹತ್ತಿರ ಹೋಗಿ ಬಂದೆ. ಅಂಗಡಿಯಲ್ಲಿ ಬ್ಯಾಂಕಿಗೆ ಅಂತ ಹೇಳಿದ್ದೆ. ಲೆನ್ಸ್ ಉಜ್ಜುವ ಉಜ್ಜಣ್ಣ ನಂಬಿದ ಹಾಗೆ ಮುಖ ಮಾಡಿದ. ಬ್ಯಾಂಕಿಗೆ ಹೋಗುವವರು ಹೊರಡುವ ಮೊದಲು ಅಷ್ಟು ಹೊತ್ತು ಕನ್ನಡಿ ಮುಂದೆ ನಿಲ್ಲುವುದಿಲ್ಲ ಅನ್ನುವಷ್ಟು ತಿಳಿವಳಿಕೆ ಅವನಿಗೂ ಇದೆ.

ನಾನು ಊಟ ಮಾಡುವುದೇ ಜನರ ಮೂಗಿನ ಮೇಲೆ. ಕನ್ನಡಕದಂಗಡಿ ನಡೆಯುವುದು ಕಣ್ಣಿನಿಂದ ಅಂತ ಲೋಕ ತಿಳಿದಿದೆ, ಭಾರ ಹೊರುವುದು ಮಾತ್ರ ಮೂಗು. ರಸ್ತೆ ಬದಿ ತಳ್ಳುಗಾಡಿಯಲ್ಲಿ ಓದುವ ಕನ್ನಡಕ ಮಾರುತ್ತಿದ್ದ ಕಾಲದಿಂದ ಮೂಗು ನೋಡಿ ನೋಡಿ, ಗಿರಾಕಿ ಬಾಗಿಲು ದಾಟುವ ಮೊದಲೇ ಯಾವ ಫ್ರೇಮು ಕೂರುತ್ತದೆ, ಯಾವುದು ಜಾರುತ್ತದೆ ಅಂತ ಹೇಳಬಲ್ಲೆ. ಸೋತಿರುವುದು ಒಂದೇ ಮೂಗಿಗೆ. ಅದು ನನ್ನದೇ. ನಡುಮಧ್ಯ ಒಂದು ಗುಡ್ಡ. ಕನ್ನಡಕ ಗುಡ್ಡದ ಮೇಲೆ ಕೂತರೆ ರೆಪ್ಪೆಗೆ ತಾಗುತ್ತದೆ, ಇಳಿದು ಕೂತರೆ ನಾನು ಲೆಕ್ಕದ ಮೇಷ್ಟ್ರು. ಶಾಲೆಯಲ್ಲಿ ಒಂಟೆ ಅನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಮೊದಲು ನಕ್ಕವರ ಮುಂದೆ ಬೇರೆಯವರ ನಗೆ ಸಪ್ಪೆಯಾಗುತ್ತದೆ ಅನ್ನುವ ವ್ಯಾಪಾರ ನನಗೆ ಆಗಲೇ ಗೊತ್ತಿತ್ತು.

ಹಾಗಾದರೆ ಐವತ್ತು ದಾಟಿದ ಮೇಲೆ ಈಗ ಯಾಕೆ? ಎರಡನೇ ಅಂಗಡಿಯ ಬೋರ್ಡಿಗೆ ಫೋಟೋ ತೆಗೆಯಲು ಬಂದವನು, ಒಳ್ಳೆಯ ಹುಡುಗನೇ, ಕ್ಯಾಮೆರಾದ ಹಿಂದಿನಿಂದ, "ಮೇಡಂ, ಸೈಡಿಂದ ಬೇಡ, ಮುಂದೆ ತಿರುಗಿ" ಅಂದ. ಅಷ್ಟೇ. ಒಂಟೆ ಎದ್ದು ನಿಂತಿತು.

ಡಾಕ್ಟರು ಮಾತು ಬಲ್ಲವರು. "ನೇರ ಆಪರೇಷನ್‌ಗೆ ಹೋಗೋದು ಬೇಡ. ಮೊದಲು ಫಿಲ್ಲರ್, ಅಂದ್ರೆ ಚರ್ಮದ ಕೆಳಗೆ ಸೂಜೀಲಿ ತುಂಬೋ ಜೆಲ್, ಹಾಕಿ ನೋಡೋಣ. ಗುಡ್ಡದ ಮೇಲೊಂದಿಷ್ಟು, ಕೆಳಗೊಂದಿಷ್ಟು ತುಂಬಿದ್ರೆ ಸಾಲು ನೇರ ಕಾಣುತ್ತೆ. ಕೆಲವು ತಿಂಗಳು ಆ ಮೂಗಿನ ಜೊತೆ ಸಂಸಾರ ಮಾಡಿ. ಇಷ್ಟ ಆದ್ರೆ ಆಪರೇಷನ್. ಆಗ್ಲಿಲ್ಲ ಅಂದ್ರೆ ಕರಗಿಸೋ ಇಂಜೆಕ್ಷನ್ ಇದೆ."

"ಅಂದ್ರೆ ದೊಡ್ಡ ಮೂಗನ್ನ ಇನ್ನೂ ದೊಡ್ಡದು ಮಾಡಿ ಚಿಕ್ಕದು ಅಂತ ತೋರಿಸ್ತೀರ."

"ವ್ಯಾಪಾರದವರು ನೀವು, ತಕ್ಷಣ ಅರ್ಥ ಆಯ್ತು."

ಅಪಾಯವನ್ನೂ ಮುಚ್ಚಿಡಲಿಲ್ಲ. ಅಪರೂಪಕ್ಕೆ ಅದು ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು, ಕಣ್ಣೇ ಹೋಗಬಹುದು. ಕಣ್ಣು! ನಾನು ಕೂತಲ್ಲೇ ಒಮ್ಮೆ ಕಣ್ಣು ಮಿಟುಕಿಸಿ ನೋಡಿಕೊಂಡೆ, ಇನ್ನೂ ಇವೆ ತಾನೇ ಅಂತ.

ಆಮೇಲೆ ಕನ್ನಡಕ ತೆಗೆಸಿ, ಪಕ್ಕದಿಂದ ಫೋಟೋ ಹಿಡಿದು, ತೆರೆಯ ಮೇಲೆ ಗುಡ್ಡ ಅಳಿಸಿ ತೋರಿಸಿದರು. "ನಿಮಗೇ ಮಾಡಿಸಿದ ಹಾಗಿದೆ ನೋಡಿ." ನಾನು ಬಗ್ಗಿ ನೋಡಿದೆ, ಚೆನ್ನಾಗಿದೆ ಅಂದೆ. ಹೊರಗೆ ಬಂದು ಮೆಟ್ಟಿಲಿಳಿಯುವಾಗ ಹೊಳೆಯಿತು, ಕನ್ನಡಕ ಕೈಯಲ್ಲೇ ಇತ್ತು. ನೋಡಿದ್ದೆಲ್ಲ ಮಂಜು. ಮೆಟ್ಟಿಲ ಮೇಲೆ ಒಬ್ಬಳೇ ನಕ್ಕೆ. ನನ್ನ ಅಂಗಡಿಯಲ್ಲಿ ದಿನಾ ಆಗುವುದು ಇದೇ. ಹೊಸ ಫ್ರೇಮು ಹಾಕಿ ನೋಡಬೇಕಾದರೆ ಹಳೆಯದನ್ನು ತೆಗೆಯಬೇಕು. ಹೊಸದರಲ್ಲಿರುವುದು ನಂಬರಿಲ್ಲದ ಬರೀ ಗಾಜು. ಕನ್ನಡಿಯಲ್ಲಿ ಅವರಿಗೆ ಅವರೇ ಕಾಣುವುದಿಲ್ಲ. "ಹೇಗಿದೆ ಮೇಡಂ?" ಅಂತ ನನ್ನನ್ನು ಕೇಳುತ್ತಾರೆ. "ನಿಮಗೇ ಮಾಡಿಸಿದ ಹಾಗಿದೆ" ಅನ್ನುತ್ತೇನೆ. ಇವತ್ತು ಗಿರಾಕಿ ನಾನು.

ಒಂದು ಮಾತು ಮಾತ್ರ ಮನಸ್ಸಿನಲ್ಲಿ ಉಳಿದಿದೆ. ಆ ಮಂಜಿನಲ್ಲಿದ್ದ ಮುಖವನ್ನು ಎಲ್ಲೋ ನೋಡಿದ್ದೇನೆ. ಹಳೆಯ ಗಿರಾಕಿ ಯಾರೋ ಇರಬೇಕು.

ಮಾರ್ಚ್ ೬, ಬುಧವಾರ

ಅಮ್ಮನಿಗೆ ತಮಾಷೆಯಾಗಿ ಹೇಳಿ ನೋಡಿದೆ.

"ಅಮ್ಮಾ, ಮೂಗು ನೇರ ಮಾಡಿಸ್ಕೊಳ್ಳಲಾ?"

"ಏನೇ ಆಗಿದೆ ಮೂಗಿಗೆ? ನಿಮ್ಮಪ್ಪನ ಮೂಗು ಅದು."

"ಅದೇ ಆಗಿರೋದು."

ಅಮ್ಮ ನಕ್ಕು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಹೊಸಬರು ಇದನ್ನು ಮುನಿಸು ಅಂದುಕೊಳ್ಳುತ್ತಾರೆ. ಅಮ್ಮ ನೋಡುವ ರೀತಿಯೇ ಅದು. ವಯಸ್ಸಿಗೆ ಕಣ್ಣಿನ ನಡುಭಾಗ ಸವೆದುಹೋಗಿದೆ. ನೇರ ಎದುರಿಗಿರುವುದು ಕಪ್ಪು ಮಚ್ಚೆ, ಸುತ್ತ ಅಂಚು ಮಾತ್ರ ಉಳಿದಿದೆ. ಯಾರನ್ನಾದರೂ ನೋಡಬೇಕಾದರೆ ಅವರಿಂದ ಮುಖ ತಿರುಗಿಸಿ ಕಣ್ಣಂಚಿಗೆ ತಂದುಕೊಳ್ಳುತ್ತಾಳೆ. ಬಣ್ಣವಿಲ್ಲ, ಕಣ್ಣು ಬಾಯಿ ಇಲ್ಲ, ಬರೀ ಹೊರಗೆರೆ. ಕನ್ನಡಕದವಳ ತಾಯಿಗೆ ಯಾವ ಕನ್ನಡಕದಿಂದಲೂ ಉಪಯೋಗವಿಲ್ಲ. ಕೇಳಿದವರು ನಗುತ್ತಾರೆ, ನಾನೂ ಎಲ್ಲರಿಗಿಂತ ಮೊದಲು ನಗುತ್ತೇನೆ.

ಈಚೆಗೆ ಸಂಜೆಯಾದರೆ ನೆನಪೂ ಸ್ವಲ್ಪ ಆಚೀಚೆ.

ಮಂಚದ ಪಕ್ಕದ ಗೋಡೆಯಲ್ಲಿ ಅಕ್ಕನ ಫೋಟೋ ಇದೆ. ಕಿಟಕಿಯ ಬೆಳಕಿನಲ್ಲಿ ಪಕ್ಕಕ್ಕೆ ತಿರುಗಿ ಕೂತಿದ್ದಾಳೆ. ಅವಳಿಗೆ ಯಾರೂ ಮುಂದೆ ತಿರುಗು ಅನ್ನಲಿಲ್ಲ. ಜ್ವರ ಬಂತು, ಮೈಯೆಲ್ಲ ಬೆಂಕಿ, ಹೋಗಿಬಿಟ್ಟಳು. ಆಗ ಅವಳಿಗೆ ಹತ್ತೊಂಬತ್ತು. ಅಮ್ಮ ದಿನಾ ಆ ಫೋಟೋದಿಂದ ಮುಖ ತಿರುಗಿಸಿ ಬಹಳ ಹೊತ್ತು ಕೂರುತ್ತಾಳೆ.

ಮಾರ್ಚ್ ೧೧, ಸೋಮವಾರ

ಹಾಕಿಸಿಕೊಂಡೆ. ಸೂಜಿಗಿಂತ ಅದು ಒಳಗೆ ಇಳಿಯುವ ಕರಕರ ಸದ್ದು ಹೆಚ್ಚು ನೋಯಿಸಿತು. ಕಣ್ಣು ಎರಡೂ ಇವೆ.

ಡಾಕ್ಟರ ಅಪ್ಪಣೆಗಳು: ಮೂಗು ಒತ್ತಬೇಡಿ. ಕೆಲವು ವಾರ ಮೂಗಿನ ಮೇಲೆ ಕನ್ನಡಕ ಇಡಬೇಡಿ. ಇವತ್ತೊಂದು ದಿನ ನಗು, ಮಾತು ಕಡಿಮೆ ಮಾಡಿ. ಕನ್ನಡಕವಿಲ್ಲ, ಮಾತಿಲ್ಲ. ಅಂದರೆ ನೀವು ಇಲ್ಲೇ ಇರಿ, ಮೂಗು ಮನೆಗೆ ಹೋಗಲಿ ಅಂದ ಹಾಗಾಯಿತು.

ಕಾಂಟ್ಯಾಕ್ಟ್ ಲೆನ್ಸ್ ನನಗೆ ಆಗಿಬರುವುದಿಲ್ಲ, ಕಣ್ಣು ಕೆಂಪಾಗಿ ಉರಿಯುತ್ತದೆ. ಆಟೋದವನಿಗೆ ದಾರಿಯನ್ನು ಅಂದಾಜಿನ ಮೇಲೆ ಹೇಳಿ, ಗೋಡೆ ಹಿಡಿದುಕೊಂಡು ಮನೆಯೊಳಗೆ ಬಂದೆ. ಅಮ್ಮನ ಕೋಣೆಯ ಬಾಗಿಲಲ್ಲಿ ನಿಂತೆ. ಸಂಜೆಯ ಬೆಳಕು ನನ್ನ ಬೆನ್ನ ಹಿಂದಿತ್ತು. ಬೇರೆ ದಿನವಾದರೆ ಗೇಟಿನಿಂದಲೇ ನನ್ನ ಮಾತು ಶುರುವಾಗಿರುತ್ತಿತ್ತು. ಇವತ್ತು ಬಾಯಿ ಮುಚ್ಚಿ ನಿಂತಿದ್ದೆ.

ಅಮ್ಮ ಮುಖ ಗೋಡೆಗೆ ತಿರುಗಿಸಿದಳು. ಬಹಳ ಹೊತ್ತು ಹಾಗೇ ಇದ್ದಳು. ಕೈಯಲ್ಲಿದ್ದ ಲೋಟವನ್ನು ತಡವುತ್ತಾ ತಟ್ಟೆಯ ಮೇಲಿಟ್ಟಳು.

"ಬಂದ್ಯಾ ಕಂದಾ?" ಅಂದಳು.

ನನ್ನನ್ನು ಅಮ್ಮ ಕರೆಯುವುದು 'ಏನೇ' ಅಂತ. ಕಂದಾ ಅನ್ನುವುದು ಈ ಮನೆಯಲ್ಲಿ ಒಬ್ಬಳಿಗೇ ಇದ್ದ ಹೆಸರು.

"ಎಷ್ಟು ತಡ ಮಾಡಿದೆ. ಬಾ, ಕೂತ್ಕೋ. ಚಿಕ್ಕೋಳು ಇನ್ನೂ ಅಂಗಡಿಯಿಂದ ಬಂದಿಲ್ಲ."

ನಾನು ಹೋಗಿ ಕೂತೆ. ಅಮ್ಮ ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ತಿದ್ದಬೇಕಿತ್ತು. ಆದರೆ ಡಾಕ್ಟರು ಮಾತು ಬೇಡ ಅಂದಿದ್ದರಲ್ಲ.

ಮಾರ್ಚ್ ೧೨, ಮಂಗಳವಾರ

ಬೆಳಿಗ್ಗೆ ಜೋರಾಗಿ, "ಅಮ್ಮಾ, ನಾನು!" ಅಂದುಕೊಂಡೇ ಕೋಣೆಗೆ ಹೋದೆ. "ಗೊತ್ತಾಯ್ತು ಕಣೇ, ಬೀದಿಗೆಲ್ಲ ಗೊತ್ತಾಯ್ತು" ಅಂದಳು. ಆಮೇಲೆ ದನಿ ಇಳಿಸಿ, "ನಿನ್ನೆ ಅಕ್ಕ ಬಂದಿದ್ಳು. ನೀನು ಬರೋವಷ್ಟರಲ್ಲಿ ಹೊರಟುಹೋದ್ಳು" ಅಂದಳು. ನಾನು ಕನಸು ಬಿದ್ದಿರಬೇಕು ಅಂದೆ.

ಅಂಗಡಿಯಲ್ಲಿ ಕಣ್ಣಿಲ್ಲದೆ ಆಗುವುದಿಲ್ಲ. ಉಜ್ಜಣ್ಣ ಒಂದು ತಲೆಪಟ್ಟಿಗೆ ನನ್ನ ಹಳೆಯ ಕನ್ನಡಕ ನೇತುಹಾಕಿ ಕೊಟ್ಟ. ಮೂಗಿಗೆ ತಾಗದೆ ಕಣ್ಣ ಮುಂದೆ ತೂಗುತ್ತದೆ. "ಗಣಿಗೆ ಇಳಿಯೋರ ಥರ ಇದೀರ ಮೇಡಂ" ಅಂದ. "ಚಿನ್ನ ಸಿಕ್ಕಿದ್ರೆ ನಿನಗೂ ಪಾಲು" ಅಂದೆ. ಗಿರಾಕಿಗಳಿಗೆ ಸೈನಸ್ ತೊಂದರೆ ಅಂತ ಹೇಳಿದ್ದೇನೆ. ಒಬ್ಬಾಕೆ ನನ್ನನ್ನೇ ದಿಟ್ಟಿಸಿ, "ಏನೋ ಕಳೆ ಬಂದಿದೆ ನಿಮಗೆ" ಅಂದಳು. ಕಳೆ ಬಂತು, ಕಣ್ಣು ಹೋಯಿತು. ಸರಕು ಬದಲಾವಣೆ.

ಮಾರ್ಚ್ ೧೯, ಮಂಗಳವಾರ

ಬಾವು ಇಳಿದಿದೆ. ಬಚ್ಚಲುಮನೆಯ ಕನ್ನಡಿಯಲ್ಲಿ ಹೊಸ ಮೂಗನ್ನು ಸರಿಯಾಗಿ ನೋಡೋಣ ಅಂತ, ಮೂಗು ಮರೆಸುವ ತಲೆಪಟ್ಟಿ ಕಳಚಿ ನಿಂತೆ. ನನ್ನ ನಂಬರಿಗೆ ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ಹೋದರೆ ಒಂದು ಕಣ್ಣೋ ಒಂದು ಹುಬ್ಬೋ ಸ್ಪಷ್ಟ. ಇಡೀ ಮುಖ ಬೇಕಾದರೆ ಹಿಂದೆ ಸರಿಯಬೇಕು, ಆಗ ಮಂಜು.

ಹಿಂದೆ ಸರಿದೆ. ಓರೆಯಾಗಿ ತಿರುಗಿದೆ.

ಡಾಕ್ಟರ ತೆರೆಯಲ್ಲಿ ಕಂಡವಳು ಗಿರಾಕಿಯಲ್ಲ.

ಅಕ್ಕ ಐವತ್ತು ದಾಟಿದ್ದರೆ ಹೀಗಿರುತ್ತಿದ್ದಳು. ಕೂದಲು ನರೆತು, ಕುತ್ತಿಗೆ ಸ್ವಲ್ಪ ಸಡಿಲಾಗಿ, ಮೂಗು ಮಾತ್ರ ಹಾಗೇ. ಅವಳಿಗೆ ಕನ್ನಡಕ ಇರಲಿಲ್ಲ. ಮಾತೂ ಹೆಚ್ಚಿರಲಿಲ್ಲ. ದೀಪ ಆರಿಸಿ ಹೊರಗೆ ಬಂದೆ. ಕನ್ನಡಿಗೆ ಬೆನ್ನು ಹಾಕಲು ಯಾಕೋ ಧೈರ್ಯವಾಗದೆ ಹಿಮ್ಮುಖವಾಗಿಯೇ ಬಂದೆ. ಇಷ್ಟು ದೊಡ್ಡ ಅಂಗಡಿ ಕಟ್ಟಿದವಳು ಬಚ್ಚಲಿನಿಂದ ಹಿಮ್ಮುಖವಾಗಿ ಬಂದಳು ಅಂತ ಯಾರಿಗಾದರೂ ಗೊತ್ತಾದರೆ ಉದ್ದರಿ ಕೂಡ ಹುಟ್ಟುವುದಿಲ್ಲ.

ಮಾರ್ಚ್ ೨೭, ಬುಧವಾರ

ಸಂಜೆಗಳು ಒಂದು ಪದ್ಧತಿಗೆ ಬಂದಿವೆ. ಅಂಗಡಿಯಿಂದ ಬಂದವಳು ತಲೆಪಟ್ಟಿ ಕಳಚಿ ಇಟ್ಟು, ಸದ್ದಿಲ್ಲದೆ ಅಮ್ಮನ ಬಳಿ ಹೋಗಿ ಕೂರುತ್ತೇನೆ. ಮೆಲ್ಲಗೆ ಮಾತಾಡುತ್ತೇನೆ. ಅಕ್ಕನದೂ ನನ್ನದೂ ಒಂದೇ ದನಿ, ಅವಳು ಅದನ್ನು ಜೋಪಾನವಾಗಿ ಬಳಸುತ್ತಿದ್ದಳು, ನಾನು ನೀರಿನ ಹಾಗೆ ಸುರಿದೆ. ಸುಳ್ಳು ಏನೂ ಹೇಳುತ್ತಿಲ್ಲ. ನಾನು ಅಕ್ಕ ಅಂತ ಒಂದು ದಿನವೂ ಹೇಳಿಲ್ಲ. ಅಮ್ಮ ಕರೆಯುತ್ತಾಳೆ, ನಾನು ಹ್ಞೂಂ ಅನ್ನುತ್ತೇನೆ.

ತಲೆ ಸವರಿ, "ಕೂದಲು ಯಾಕಿಷ್ಟು ಒರಟಾಯ್ತು ಕಂದಾ, ಅಲ್ಲಿ ಎಣ್ಣೆ ಹಚ್ಚೋರಿಲ್ವಾ?" ಅಂದಳು. ಅಲ್ಲಿ ಅಂದರೆ ಎಲ್ಲಿ ಅಂತ ಕೇಳಲಿಲ್ಲ.

ನನ್ನ ಬಗ್ಗೆಯೂ ದೂರು ಹೇಳುತ್ತಾಳೆ. "ಚಿಕ್ಕೋಳು ದುಡೀತಾಳೆ, ದುಡೀತಾಳೆ, ಕೂರೋದೇ ಗೊತ್ತಿಲ್ಲ. ಮೊದಲು ಬಾಯಿ ಮನೆಗೆ ಬರುತ್ತೆ, ಸ್ವಲ್ಪ ಹೊತ್ತಾದ ಮೇಲೆ ಅವಳು ಬರ್ತಾಳೆ."

ನಗು ತಡೆಯಲು ತುಟಿ ಕಚ್ಚಿಕೊಂಡೆ. ಅಮ್ಮನಿಗೆ ಇಷ್ಟು ಹಾಸ್ಯ ಗೊತ್ತು ಅಂತ ನನಗೆ ತಿಳಿದಿರಲಿಲ್ಲ. ನಾನು ಅವಳಿಗೆ ಮಾತಾಡಲು ಬಿಟ್ಟಿದ್ದು ಯಾವಾಗ?

ಏಪ್ರಿಲ್ ೫, ಶುಕ್ರವಾರ

ಡಾಕ್ಟರು ನೋಡಿ ತೃಪ್ತರಾದರು. ಇನ್ನು ಕನ್ನಡಕ ಮೂಗಿನ ಮೇಲೆ ಹಾಕಬಹುದಂತೆ. ಜೂನ್‌ನಲ್ಲಿ ಆಪರೇಷನ್ ಇಟ್ಟುಕೊಳ್ಳೋಣವಾ ಅಂದರು. "ಇದೇ ಮೂಗು ಕಾಯಂ ಆಗುತ್ತಾ?" "ಆಗುತ್ತೆ." "ಹಾಗಿದ್ರೆ ಇಟ್ಕೊಳ್ಳಿ" ಅಂದೆ.

ಮನೆಗೆ ಬರುವಾಗ ಕನ್ನಡಕ ಚೀಲದಲ್ಲೇ ಇತ್ತು. ಹಾಕಿಕೊಳ್ಳಲು ಮನಸ್ಸಾಗಲಿಲ್ಲ.

ಏಪ್ರಿಲ್ ೧೨, ಶುಕ್ರವಾರ

ಅಮ್ಮ ನನ್ನ ಕೈ ಹಿಡಿದುಕೊಂಡೇ ನಿದ್ದೆ ಹೋದಳು. ಕಿಟಕಿಯ ಪಕ್ಕ ಸುಮ್ಮನೆ ಕೂತಿದ್ದೆ. ಹಿತವಾಗಿತ್ತು.

ಏಪ್ರಿಲ್ ೧೬, ಮಂಗಳವಾರ

ಉಜ್ಜಣ್ಣ ಕೇಳಿದ, "ಮೇಡಂ, ಮೈಯಲ್ಲಿ ಹುಷಾರಿದೆಯಾ? ಗಿರಾಕಿಯೊಬ್ಬರು, ಮಾತಾಡೋ ಮೇಡಂ ರಜಾನಾ ಅಂತ ಕೇಳಿ ಹೋದ್ರು."

"ನಾನೇ ಅಲ್ವಾ ಅವರಿಗೆ ಫ್ರೇಮ್ ತೋರಿಸಿದ್ದು?"

"ತೋರಿಸಿದ್ರಿ. ತೋರಿಸಿದ್ದು ಅಷ್ಟೇ."

ಎರಡನೇ ಅಂಗಡಿಯ ಕೆಲಸದವರು ಫೋನ್ ಮಾಡುತ್ತಿದ್ದಾರೆ. ನಾಳೆ ಮಾತಾಡಿದರಾಯಿತು.

ಏಪ್ರಿಲ್ ೨೦, ಶನಿವಾರ

ಚಿಕ್ಕವಳು ಇವತ್ತೂ ಬರಲಿಲ್ಲ. ಅಮ್ಮ ಕೇಳಿದಳು. ಅಂಗಡಿಯಲ್ಲಿ ಕೆಲಸ ಹೆಚ್ಚು ಅಂದೆ.

ಏಪ್ರಿಲ್ ೨೯, ಸೋಮವಾರ

ಹಗಲು ಅಮ್ಮನನ್ನು ನೋಡಿಕೊಳ್ಳುವಾಕೆ ಇವತ್ತು ಮನೆಗೆ ಹೋಗದೆ ಗೇಟಿನ ಬಳಿ ನನಗಾಗಿ ಕಾದು ನಿಂತಿದ್ದಳು.

"ಮೇಡಂ, ಅಮ್ಮ ಊಟ ಬಿಡ್ತಿದಾರೆ. ನಿಮ್ಮ ಹತ್ರ ಹೇಳ್ಬೇಡ ಅಂತ ಆಣೆ ಹಾಕ್ಸಿದ್ರು. ಎರಡು ತುತ್ತು ತಿಂದು, ಸಾಕು, ದಾರೀಲಿ ಹೊಟ್ಟೆ ಭಾರ ಆಗಬಾರದು ಅಂತಾರೆ. ಮಂಚದ ಕೆಳಗೆ ಬ್ಯಾಗ್ ತುಂಬಿಸಿ ಇಟ್ಕೊಂಡಿದಾರೆ."

"ಎಲ್ಲಿಗಂತೆ?"

"ಮಗಳು ಕರ್ಕೊಂಡು ಹೋಗೋಕೆ ಬಂದಿದಾಳೆ ಅಂತಾರೆ. ಯಾವ ಮಗಳು ಅಂದ್ರೆ ದೊಡ್ಡೋಳು ಅಂತಾರೆ." ಆಕೆ ಸೆರಗಿನ ತುದಿ ತಿರುಚುತ್ತಿದ್ದಳು. "ನಂಗೆ ಭಯ ಆಗುತ್ತೆ ಮೇಡಂ. ಹಿಂದೆ ಒಂದು ಮನೇಲಿ ನೋಡಿದೀನಿ. ಹೋಗಿರೋರ ಜೊತೆ ಮಾತು ಶುರುವಾದ್ರೆ ಆಮೇಲೆ ಬಹಳ ದಿನ ಇರಲ್ಲ."

ನಾನು ಒಳಗೆ ಹೋದೆ. ಈ ಸಲ ತಲೆಪಟ್ಟಿ ಕಳಚದೆ ಬಾಗಿಲಲ್ಲೇ ನಿಂತೆ. ಅಮ್ಮನ ಕೈ ತೋಳಿನ ಹತ್ತಿರ ಎಷ್ಟು ಸಣ್ಣಗಾಗಿದೆ! ಅಂಗಡಿಯಲ್ಲಿ ಫ್ರೇಮಿನ ಕಡ್ಡಿ ಕೂದಲೆಳೆಯಷ್ಟು ಬಾಗಿದ್ದರೂ ಹಿಡಿಯುವ ನನ್ನ ಕಣ್ಣಿಗೆ ದಿನಾ ಪಕ್ಕದಲ್ಲಿ ಕೂತೂ ಇದು ಕಾಣಲಿಲ್ಲ. ಕಾಣುವುದಾದರೂ ಹೇಗೆ? ಕನ್ನಡಕ ಎಲ್ಲಿತ್ತು?

"ಬಂದ್ಯಾ ಕಂದಾ? ಯಾವತ್ತು ಹೊರಡೋದು?"

"ಎಲ್ಲಿಗಮ್ಮಾ?"

"ನೀನು ಸುಮ್ನೆ ದಿನಾ ಬರ್ತಿದೀಯಾ? ನಂಗೆ ಗೊತ್ತಾಗಲ್ವಾ? ನಾನು ಸಿದ್ಧ ಇದೀನಿ." ಮುಖವನ್ನು ಗೋಡೆಗೆ ತಿರುಗಿಸಿ ನನ್ನನ್ನು ಕಣ್ಣಂಚಿನ ತುಂಬ ನೋಡಿಕೊಂಡಳು. "ಚಿಕ್ಕೋಳಿಗೆ ಮಾತ್ರ ಹೇಳ್ಬೇಡ. ಅವಳು ಬಿಡೋದಿಲ್ಲ. ಬಾಗಿಲಿಗೆ ಅಡ್ಡ ನಿಂತ್ಕೋತಾಳೆ. ನಿನ್ನನ್ನ ಎತ್ಕೊಂಡು ಹೋಗೋವಾಗ ಹಾಗೇ ನಿಂತಿದ್ಳಲ್ಲ. ಅಷ್ಟು ಚೋಟುದ್ದ ಹುಡುಗಿ, ಹೊಸ್ತಿಲಲ್ಲಿ ಕೈ ಅಗಲ ಮಾಡ್ಕೊಂಡು. ದೊಡ್ಡವರೆಲ್ಲ ಸೇರಿ ಎಳೀಬೇಕಾಯ್ತು. ಆಗ ಮುಖ ಬಾಗಿಲಿಗೆ ಹೊಡೆದು, ಮೂಗಿಂದ ರಕ್ತ. ಯಾರೂ ಗಮನಿಸಲಿಲ್ಲ ಅವಳನ್ನ. ನಾನೂ ಗಮನಿಸಲಿಲ್ಲ."

ನನಗೆ ಅದು ನೆನಪಿರಲಿಲ್ಲ. ಜ್ವರ ನೆನಪಿದೆ, ಒದ್ದೆ ಬಟ್ಟೆ ನೆನಪಿದೆ, ಮನೆ ತುಂಬ ಜನರ ಚಪ್ಪಲಿ ನೆನಪಿದೆ. ಆ ದಿನದಲ್ಲಿ ನಾನು ಎಲ್ಲಿದ್ದೆ ಅನ್ನುವ ಜಾಗ ಮಾತ್ರ ಖಾಲಿ.

ಅಪ್ಪನದು ಅಂದುಕೊಂಡಿದ್ದ ಗುಡ್ಡದ ಜಾಗವನ್ನು ಮುಟ್ಟಿ ನೋಡಿಕೊಂಡೆ. ಸಪಾಟಾಗಿತ್ತು.

ಏಪ್ರಿಲ್ ೩೦, ಮಂಗಳವಾರ

ಇವತ್ತು ಮೂಗಿನ ಮೇಲೆ ಕನ್ನಡಕ ಹಾಕಿಕೊಂಡು, ಬೆಳ್ಳಂಬೆಳಗ್ಗೆ ಹಳೆಯ ಗತ್ತಿನಲ್ಲಿ, "ಅಮ್ಮಾ! ನಾನು ಚಿಕ್ಕೋಳು! ಎದ್ದಿಲ್ವಾ ಇನ್ನೂ?" ಅಂತ ಕೂಗಿಕೊಂಡು ಹೋದೆ. ದನಿ ನಡುವೆ ಒಡೆಯಿತು.

ಅಮ್ಮ ಮುಖ ತಿರುಗಿಸಿ ನೋಡಿದಳು. ನಸುನಕ್ಕಳು.

"ಹೀಗೆಲ್ಲ ತಮಾಷೆ ಮಾಡ್ಬೇಡ ಕಂದಾ. ಅವಳ ಥರ ಮಾತಾಡೋಕೆ ನಿಂಗೆ ಬರಲ್ಲ."

ತಟ್ಟೆಯನ್ನು ಆಚೆ ಸರಿಸಿದಳು.

ಮೇ ೨, ಗುರುವಾರ

"ಕರಗಿಸಿಬಿಡಿ" ಅಂದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಆಪರೇಷನ್‌ಗೆ ಮುಂಚೆ ಹೇಗೂ ಕರಗಿಸಬೇಕು. ಆದ್ರೆ ಇಷ್ಟು ಬೇಗ ಬೇಡವಾಗಿತ್ತು. ಯಾಕೆ, ಇಷ್ಟ ಆಗ್ಲಿಲ್ವಾ?"

"ತುಂಬಾ ಇಷ್ಟ ಆಯ್ತು. ಅದೇ ತೊಂದರೆ."

ಅವರಿಗೆ ಅರ್ಥವಾಗಲಿಲ್ಲ. ಇಂಜೆಕ್ಷನ್ ಮೈಗೆ ಒಗ್ಗುತ್ತದೆಯಾ ಅಂತ ಮೊದಲು ಕೈಗೆ ಚುಚ್ಚಿ ಸ್ವಲ್ಪ ಹೊತ್ತು ಕಾಯಿಸಿದರು. ಅಷ್ಟರಲ್ಲಿ ನಾನು ಆ ಹಳೆಯ ಫೋಟೋ ಇನ್ನೊಮ್ಮೆ ತೋರಿಸಿ ಅಂದೆ. ಗುಡ್ಡ ಅಳಿಸಿದ್ದು, ಮೊದಲ ದಿನದ್ದು. ತೋರಿಸಿದರು. ಈ ಸಲ ಕನ್ನಡಕ ಹಾಕಿಕೊಂಡು ನೋಡಿದೆ.

ಅಕ್ಕ ಅಲ್ಲವೇ ಅಲ್ಲ. ಹುಬ್ಬು ಬೇರೆ, ಗಲ್ಲ ಬೇರೆ, ತುಟಿಯಂತೂ ಮಾತಾಡಿ ಮಾತಾಡಿ ಹಿಗ್ಗಿದ ನನ್ನದೇ ತುಟಿ. ನೇರ ಮೂಗಿನ ಒಬ್ಬ ದಣಿದ ಅಂಗಡಿಯವಳು. ಇವಳನ್ನು ನೋಡಿಯೇ ನಾನು ಹಿಮ್ಮುಖವಾಗಿ ನಡೆದದ್ದು.

"ಹಾಗಾದ್ರೆ ಇರಲಿ ಬಿಡಿ ಅಂತೀರಾ?" ಅಂದರು ಡಾಕ್ಟರು, ನನ್ನ ಮುಖ ನೋಡಿ.

"ಇಲ್ಲ. ಚೆನ್ನಾಗಿ ಕಾಣೋ ಕಣ್ಣಿಗೆ ಅವಳು ಬರಲ್ಲ. ಮನೇಲಿರೋ ಕಣ್ಣು ಬೇರೆ."

ಸೂಜಿ ಈ ಸಲ ಉರಿಯಿತು. ಒಂದಿಷ್ಟು ಅತ್ತೆ. ಔಷಧಿಯ ಉರಿ ಅಂತ ನರ್ಸಿಗೆ ಹೇಳಿದೆ. ಆಕೆ ಟಿಶ್ಯೂ ಕೊಟ್ಟು, ಎಲ್ಲರೂ ಹಾಗೇ ಹೇಳ್ತಾರೆ ಅಂದಳು.

ಮೇ ೪, ಶನಿವಾರ

ಗುಡ್ಡ ಬಂದಿದೆ. ಸ್ವಲ್ಪ ಊದಿಕೊಂಡು, ಮೊದಲಿಗಿಂತ ಜಂಬದಿಂದ.

ಮೊನ್ನೆಯಿಂದ ಅಂಗಡಿಯಲ್ಲೇ ಮಲಗಿದ್ದೆ, ಅಮ್ಮನಿಗೆ ಕಾಣಿಸಿಕೊಳ್ಳಲಿಲ್ಲ. ನೋಡಿಕೊಳ್ಳುವಾಕೆಯನ್ನು ಮನೆಯಲ್ಲಿ ಉಳಿಸಿಕೊಂಡಿದ್ದೆ. ಖಾಲಿ ಅಂಗಡಿಯಲ್ಲಿ ಕೂತು ಮಾತು ರೂಢಿ ಮಾಡಿಕೊಂಡೆ. ಕಪಾಟಿನ ಫ್ರೇಮುಗಳಿಗೆಲ್ಲ ಒಂದೊಂದಾಗಿ ಗಿರಾಕಿ ಮಾತು ಹೇಳಿದೆ. ಉಜ್ಜಣ್ಣ ಬೆಳಿಗ್ಗೆ ಬಂದು ಕೇಳಿಸಿಕೊಂಡು, "ಅಬ್ಬಾ, ಸದ್ಯ" ಅಂದು ಯಂತ್ರದ ಮುಂದೆ ಕೂತ.

ಮಧ್ಯಾಹ್ನ ಬಿಸಿಲು ಕೋಣೆ ತುಂಬ ಇರುವಾಗಲೇ ಹೋದೆ. ಗೇಟಿನಿಂದ ಶುರು ಮಾಡಿದೆ. ಆಟೋದವನನ್ನು ಬೈದೆ, ಬಿಸಿಲನ್ನು ಬೈದೆ, ಬಾಗಿಲ ಬಳಿ ಚಪ್ಪಲಿಯನ್ನು ಟಪ್ಪನೆ ಒದ್ದೆ. ಕೋಣೆಗೆ ಹೋಗಿ ಬಾಗಿಲ ಚೌಕಟ್ಟಿನಲ್ಲಿ, ಅಮ್ಮನಿಗೆ ಗೆರೆ ಕಾಣುವ ಹಾಗೆ, ಪಕ್ಕಕ್ಕೆ ತಿರುಗಿ ನಿಂತೆ. ನನ್ನ ಜನ್ಮದಲ್ಲಿ ಬೇಕಂತಲೇ ಸೈಡಿಂದ ನಿಂತದ್ದು ಇದೇ ಮೊದಲು.

ಅಮ್ಮ ಮುಖ ಗೋಡೆಗೆ ತಿರುಗಿಸಿದಳು.

"ಏನೇ," ಅಂದಳು.

ಚೌಕಟ್ಟು ಹಿಡಿದುಕೊಂಡೆ.

"ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ದಿನ? ಮನೇಲಿ ತಾಯಿ ಇದಾಳೆ ಅಂತ ನೆನಪಿದೆಯಾ?"

"ಅಂಗಡಿಯಲ್ಲಿ ಕೆಲಸ ಅಮ್ಮ."

"ಅಕ್ಕ ಬಂದಿದ್ಳು. ದಿನಾ ಬರ್ತಿದ್ಳು. ಎರಡು ದಿನದಿಂದ ಇಲ್ಲ." ಆಮೇಲೆ ಕೇಳಿದಳು, "ಹೊರಟುಹೋದ್ಳಾ?"

"ಹೋದ್ಳು."

"ನನ್ನ ಬಿಟ್ಟು?"

ಗಿರಾಕಿಗಾದರೆ ನೂರು ಉತ್ತರ ಬಾಯಿಗೆ ಬರುತ್ತದೆ. ಇದಕ್ಕೆ ಅಮ್ಮನ ಮಾತನ್ನೇ ಸಾಲ ತಂದೆ.

"ನಾನೇ ಕಳಿಸಿದೆ ಅಮ್ಮ. ಬಾಗಿಲಿಗೆ ಅಡ್ಡ ನಿಂತು ಜಗಳ ಆಡಿದೆ. ಕರ್ಕೊಂಡು ಹೋಗೋಕೆ ಬಿಡಲ್ಲ ಅಂದೆ."

"ಆಡ್ತೀಯ. ನೀನು ಆಡೋಳೇ. ನಂಗೆ ಗೊತ್ತಿತ್ತು. ಅವಳಿಗೂ ಹೇಳಿದ್ದೆ" ಅಂದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಲು ಹೋದ ನನ್ನ ಕೈಯನ್ನು ತಳ್ಳಿ, "ಪೆಟ್ಟಾಯ್ತಾ?" ಅಂತ ಕೇಳಿದಳು.

"ಏನು?"

"ಮೂಗಿಗೆ."

"ಇಲ್ಲಮ್ಮ. ಈ ಸಲ ಆಗ್ಲಿಲ್ಲ."

ಊಟಕ್ಕೆ ಕೂರಿಸಿದೆ. ಒಂದೇ ಸಮನೆ ಮಾತಾಡುತ್ತಾ ತುತ್ತು ಕೊಟ್ಟೆ. ಮಾತಿನ ಮಧ್ಯೆ ಎಷ್ಟು ತಿನ್ನುತ್ತಿದ್ದಾಳೆ ಅನ್ನುವುದು ಅವಳಿಗೇ ಗೊತ್ತಾಗಲಿಲ್ಲ. ತಟ್ಟೆ ಖಾಲಿಯಾಯಿತು.

ನಿದ್ದೆ ಹೋದ ಮೇಲೆ ಮಂಚದ ಕೆಳಗಿನ ಬ್ಯಾಗ್ ಎಳೆದು ಬಿಚ್ಚಿದೆ. ಮಡಿಸಿದ ಎರಡು ಸೀರೆ, ಬಾಚಣಿಗೆ, ಶಾಲು. ಶಾಲಿನೊಳಗೆ ಸುತ್ತಿ ಇಟ್ಟದ್ದು ನನ್ನ ಶಾಲೆಯ ದಿನಗಳ ಕನ್ನಡಕ. ನಡುವೆ ಮುರಿದು, ಅಂಟುಪಟ್ಟಿ ಸುತ್ತಿದ್ದು. ದೊಡ್ಡವಳ ಜೊತೆ ಹೊರಟವಳು ಇದನ್ನು ಯಾಕೆ ಇಟ್ಟುಕೊಂಡಳು? ಅಲ್ಲಿಗೂ ನನ್ನನ್ನು ಬಿಟ್ಟು ಹೋಗಲು ಆಗಲಿಲ್ಲವೋ, ಅಥವಾ ಅಲ್ಲಿ ಮಾರಿದರೆ ಏನಾದರೂ ಬರಲಿ ಅಂತಲೋ. ಎರಡನೆಯದಾದರೆ ನಾನು ಅವಳ ಮಗಳೇ ಸರಿ.

ಮೇ ೧೩, ಸೋಮವಾರ

ಆಸ್ಪತ್ರೆಯಿಂದ ಫೋನ್ ಬಂದಿತ್ತು. "ಮೇಡಂ, ಜೂನ್ ತಾರೀಖು ಖಾತ್ರಿ ಮಾಡೋಣ್ವಾ?" ಅಂದಳು ಹುಡುಗಿ. "ಮೂಗು ಖಾಲಿ ಇಲ್ಲಮ್ಮ, ಕನ್ನಡಕ ಕೂತಿದೆ, ಎಬ್ಬಿಸೋಕಾಗಲ್ಲ" ಅಂದೆ. ನಕ್ಕು ಫೋನ್ ಇಟ್ಟಳು. ಫೋಟೋದವನನ್ನೂ ಕರೆಸಿದೆ. ಸೈಡಿಂದಲೇ ತೆಗಿ ಅಂದೆ. ಬೋರ್ಡು ಇನ್ನೂ ಎರಡು ಅಡಿ ಅಗಲ ಬೇಕಾಗುತ್ತೆ ಮೇಡಂ ಅಂದ ಪೋಲಿ. ಮಾಡಿಸು ಅಂದೆ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಸಂಜೆಯದನ್ನೂ ಬರೆದಿಡುತ್ತೇನೆ.

ಅಮ್ಮನ ಜೊತೆ ಚಹಾ ಕುಡಿಯುತ್ತಾ ಅಂಗಡಿಯ ಕತೆ ಹೇಳುತ್ತಿದ್ದೆ. ಒಬ್ಬ ಮುದುಕಪ್ಪ ಕನ್ನಡಕ ಕಳೆದಿದೆ ಅಂತ ಹುಡುಕಾಡಿ, ತಲೆಯ ಮೇಲೆ ಏರಿಸಿಕೊಂಡದ್ದನ್ನು ಮರೆತು, ಹೊಸದನ್ನು ಕೊಂಡುಹೋದ ಕತೆ. ಅಮ್ಮ ನಗುತ್ತಿದ್ದಳು. ಚಹಾದ ಆವಿ ನನ್ನ ಕನ್ನಡಕಕ್ಕೆ ಕವಿಯಿತು. ಮಾತು ನಿಲ್ಲಿಸಿ, ಅದನ್ನು ತೆಗೆದು, ಸೆರಗಿನಿಂದ ಒರೆಸಿದೆ. ಅಷ್ಟೇ ಹೊತ್ತು.

ಅಮ್ಮನ ನಗು ನಿಂತಿತು. ಮುಖ ಮೆಲ್ಲಗೆ ಗೋಡೆಯ ಕಡೆ ಹೊರಳಿತು.

"ನೀನಿನ್ನೂ ಹೋಗ್ಲಿಲ್ವಾ ಕಂದಾ?" ಅಂದಳು, ಪಿಸುದನಿಯಲ್ಲಿ, ನನಗೆ ಕೇಳಿಸಬಾರದು ಅನ್ನುವ ಹಾಗೆ.

ಗುಡ್ಡ ಮೂಗಿನ ಮೇಲೆಯೇ ಇತ್ತು. ಮುಟ್ಟಿ ನೋಡಿಕೊಂಡೆ. ನನ್ನ ಹಿಂದೆ ಬಾಗಿಲಿತ್ತು. ಅಮ್ಮನ ಕಣ್ಣಂಚು ನನ್ನ ಮೇಲಿತ್ತೋ ಬಾಗಿಲ ಮೇಲಿತ್ತೋ ನನಗೆ ತಿಳಿಯಲಿಲ್ಲ. ಕನ್ನಡಕ ಇಲ್ಲದೆ ನನಗೂ ಏನೂ ಕಾಣುತ್ತಿರಲಿಲ್ಲ. ತಿರುಗಿ ನೋಡಲಿಲ್ಲ.

ಅವಸರದಲ್ಲಿ ಕನ್ನಡಕ ಏರಿಸಿಕೊಂಡು, ಮುದುಕಪ್ಪನ ಕತೆಯನ್ನು ಮೊದಲಿಗಿಂತ ಜೋರಾಗಿ, ಬಿಟ್ಟಲ್ಲಿಂದ ಹಿಡಿದುಕೊಂಡೆ. ಅಮ್ಮ ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಮುಖವನ್ನು ಸೀದಾ ನನ್ನ ಕಡೆಗೆ ತಿರುಗಿಸಿದಳು. ಅಂದರೆ ನೋಡುವುದನ್ನು ನಿಲ್ಲಿಸಿದಳು.

ನಾನು ಮಾತು ನಿಲ್ಲಿಸಲಿಲ್ಲ. ಇನ್ನು ಆ ಕೋಣೆಯಲ್ಲಿ ಕನ್ನಡಕ ಒರೆಸುವುದಿಲ್ಲ.